ಕ್ಯಾಮೆರಾ ತಿರುಗಿಸುವಷ್ಟರಲ್ಲಿ

"ಇನ್ನೊಂದು ಸಲ," ಎಂದ ಗಂಡ, ಫೋನಿನ ಹಿಂದಿನಿಂದ. "ಚೆನ್ನಾಗೇ ಬಂತು. ಆದ್ರೆ ಕೊನೇಲಿ ಕಣ್ಣು ನನ್ನ ಕಡೆ ಬಂದ್ಬಿಡ್ತು. ಕಣ್ಣು ಲೆನ್ಸ್ ಮೇಲಿರ್ಲಿ."

ಅವಳು ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂತಳು. ಎದುರಿಗೆ ಸ್ಟ್ಯಾಂಡಿನ ಮೇಲೆ ಬಳೆಯಂಥ ದೀಪ, ದೀಪದ ನಡುವೆ ಫೋನು, ಫೋನಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಕಣ್ಣು. ಆ ಸಾಸಿವೆ ಕಾಳನ್ನು ನೋಡುತ್ತ ಅಕ್ಕರೆಯಿಂದ ಮಾತಾಡಬೇಕು. ಅದರ ಆಚೆ, ದೀಪದ ಬೆಳಕು ಮುಗಿಯುವಲ್ಲಿ, ಗಂಡನ ಮುಖ ಇತ್ತು. ಇದೆ ಎಂದು ಗೊತ್ತಿತ್ತು ಅಷ್ಟೆ, ಕಾಣುತ್ತಿರಲಿಲ್ಲ. ಕಣ್ಣು ಕುಕ್ಕುವ ಬೆಳಕಿನ ಹಿಂದೆ ಅವನು ಬರೀ ಒಂದು ಹೆಗಲಾಗಿ, ಒಂದು ಮೊಣಕೈಯಾಗಿ, "ಹೂಂ, ಶುರು ಮಾಡು" ಎನ್ನುವ ದನಿಯಾಗಿ ಉಳಿದಿದ್ದ. ಕಣ್ಣು ತಪ್ಪಿ ಅತ್ತ ಹೋದದ್ದಲ್ಲ. ಹೇಳುತ್ತಿದ್ದ ಮಾತು ಯಾರಿಗಾದರೂ ತಲುಪುತ್ತಿದೆಯೇ ಎಂದು ಹುಡುಕಿಕೊಂಡು ಹೋಗಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದು? ಅವಳು ಸೆರಗು ಸರಿಮಾಡಿಕೊಂಡು, ತುಟಿ ಒದ್ದೆ ಮಾಡಿಕೊಂಡು, ಮತ್ತೆ ಮೊದಲಿನಿಂದ ಹೇಳಿದಳು: "ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಆಗಿ ಮಾತು ನಿಂತುಹೋಗಿದೆಯೇ? ಹಾಗಾದರೆ ಈ ಮೂರು ತಪ್ಪುಗಳನ್ನು ಮಾಡಲೇಬೇಡಿ."

ಮೂರೇ ಯಾಕೆ ಎಂದು ಅವಳು ಮೊದಮೊದಲು ಕೇಳಿದ್ದಳು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಪ್ಪು. ಒಬ್ಬರ ಪಾಲಿಗೆ ತಪ್ಪಾದದ್ದು ಇನ್ನೊಬ್ಬರಿಗೆ ಔಷಧ. "ಅದೆಲ್ಲ ರೋಗಿಗಳು ಬಂದಾಗ ಹೇಳು. ವಿಡಿಯೋದಲ್ಲಿ ಮೂರು ಅಂದ್ರೆ ಕೂತು ಕೇಳ್ತಾರೆ," ಎಂದಿದ್ದ ಗಂಡ. ಅವನು ವಿಮಾ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುವವನು, ಮನುಷ್ಯರು ಯಾವುದಕ್ಕೆ ನಿಲ್ಲುತ್ತಾರೆ, ಯಾವುದಕ್ಕೆ ಮುಂದೆ ಹೋಗುತ್ತಾರೆ ಎಂಬುದು ಅವನಿಗೆ ಗೊತ್ತು. ಅವಳ ಮಾತಿನಿಂದ ಅವನು ಮೊದಲು ಕಿತ್ತು ಹಾಕಿದ್ದು 'ಬಹುಶಃ' ಎಂಬ ಪದವನ್ನು. "ಬಹುಶಃ ಅಂದ ತಕ್ಷಣ ಜನ ಬೆರಳು ಮೇಲಕ್ಕೆ ತಳ್ತಾರೆ, ನೀನು ಹೋದೆ," ಎಂದು ತೋರುಬೆರಳಿನಿಂದ ಗಾಳಿಯಲ್ಲಿ ಅವಳನ್ನು ತಳ್ಳಿ ತೋರಿಸಿದ. ಅವಳು ನಕ್ಕಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತ, ತನ್ನ ವಿದ್ಯೆಯ ಅರ್ಧ ಸತ್ಯ ಆ ಒಂದು ಪದದಲ್ಲೇ ಇತ್ತಲ್ಲ ಎನ್ನಿಸಿ ಕೈ ನಿಂತಿತ್ತು. ಮಾತು ಮರಳುತ್ತದೆಯೇ? ಬಹುಶಃ. ಯಾವಾಗ? ಹೇಳುವುದಕ್ಕೆ ಬರುವುದಿಲ್ಲ. ಪೂರ್ತಿ ಮರಳುತ್ತದೆಯೇ? ಬಹುಶಃ ಇಲ್ಲ. ಇಷ್ಟನ್ನು ಎದುರಿಗೆ ಕೂತವರ ಕಣ್ಣು ನೋಡಿ ಹೇಳುವುದನ್ನು ಕಲಿಯಲು ಅವಳಿಗೆ ಅರ್ಧ ಆಯುಸ್ಸು ಹಿಡಿದಿತ್ತು.

ಆದರೂ ಗಂಡನನ್ನು ದೂರುವಂತಿರಲಿಲ್ಲ. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ, ಮಾತು ಕಳೆದುಕೊಂಡವರಿಗೆ ಮಾತು ಕಲಿಸುತ್ತ ವರ್ಷಗಟ್ಟಲೆ ದುಡಿದು, ಕೊನೆಗೆ ಧೈರ್ಯ ಮಾಡಿ ಹೊರಬಿದ್ದು, ಪೇಂಟಿನ ಅಂಗಡಿಯ ಮೇಲಿನ ಈ ಕೋಣೆಯನ್ನು ಬಾಡಿಗೆಗೆ ಹಿಡಿದಾಗ ಬೋರ್ಡು ಹೊತ್ತು ಮೆಟ್ಟಿಲು ಹತ್ತಿದವನು ಅವನೇ. ರೋಗಿಗಳು ಬರಲಿಲ್ಲ. ಬಂದವರೂ ಕುರ್ಚಿಯ ತುದಿಯಲ್ಲಿ ಕೂತು, "ಆ ವಿಡಿಯೋ ಮೇಡಂ ಹೇಳೋದೇ ಬೇರೆ ಥರ ಇದ್ಯಲ್ಲ?" ಎಂದು ಅನುಮಾನದಿಂದ ನೋಡಿದರು. ವಿಡಿಯೋ ಮೇಡಂ ಎಂದರೆ ಗುಂಗುರು ಕೂದಲಿನವಳು. ಇವಳ ಕೈಕೆಳಗೆ ಕೆಲಸ ಕಲಿತವಳು. ಒಂದು ಸಭೆಯಲ್ಲಿ, ತಾನು ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ನರರೋಗದ ಡಾಕ್ಟರೇ ಕೈಯಲ್ಲಿ ಕಾಫಿ ಲೋಟ ಹಿಡಿದು, "ಓ, ನೀವೂ ಇದೇ ಫೀಲ್ಡಾ? ಹಾಗಾದ್ರೆ ಅವರು ಗೊತ್ತಿರ್ಬೇಕಲ್ಲ, ಆ ಗುಂಗುರು ಕೂದಲಿನೋರು? ಎಷ್ಟು ಚೆನ್ನಾಗಿ ಹೇಳ್ತಾರ್ರೀ!" ಎಂದಿದ್ದರು. ಮನೆಗೆ ಬಂದು ಅದನ್ನೊಂದು ತಮಾಷೆಯ ಕಥೆಯ ಹಾಗೆ, ಡಾಕ್ಟರ ದನಿಯನ್ನೇ ಅಣಕಿಸಿ ಗಂಡನಿಗೆ ಹೇಳುತ್ತಿದ್ದವಳು ನಡುವೆ ಎಲ್ಲೋ ನಗು ಕೈಕೊಟ್ಟು ಸುಮ್ಮನಾದಳು. ಅವನು ಮರುದಿನ ಆಫೀಸಿನಿಂದ ಬರುವಾಗ ಆ ಬಳೆ ದೀಪ ತಂದ. ಅದು ಅವನ ಸಮಾಧಾನದ ಮಾತು ಎಂದು ಅವಳಿಗೆ ಅರ್ಥವಾಗಿತ್ತು. ಆದರೆ ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದು ದೀಪವಲ್ಲ. ಅವನು ಪಕ್ಕದಲ್ಲಿ ಬಂದು ಕೂತಿದ್ದರೆ ಆಗುತ್ತಿತ್ತು.

ಮೊದಲ ವಿಡಿಯೋಗೆ ಬಂದ ಒಂದೇ ಒಂದು ಕಾಮೆಂಟು: "ಮೇಡಂ, ನಿಮ್ಮ ಹಿಂದಿನ ಫೋಟೋ ಫ್ರೇಮು ಓರೆಯಾಗಿದೆ." ಗಂಡ ಬಿದ್ದು ಬಿದ್ದು ನಕ್ಕ, ಆಮೇಲೆ ಎದ್ದು ಹೋಗಿ ಫ್ರೇಮು ನೇರ ಮಾಡಿದ. ದಿನ ಕಳೆದಂತೆ ನೋಡುವವರು ಹೆಚ್ಚಾದರು. ತರಕಾರಿ ಅಂಗಡಿಯಲ್ಲಿ ಒಬ್ಬಾಕೆ ಇವಳ ಮುಖ ದಿಟ್ಟಿಸಿ, "ನೀವೇ ಅಲ್ವಾ, ಮೂರು ತಪ್ಪು?" ಎಂದಳು. ಇವಳಿಗೆ ನಾಚಿಕೆಯೂ ಆಯಿತು, ಮನೆಯವರೆಗೂ ಮುಖದ ಮೇಲೆ ಒಂದು ನಗುವೂ ಅಂಟಿಕೊಂಡು ಬಂತು. ಸುಳ್ಳು ಯಾಕೆ, ಆಸೆ ಅವಳಿಗೂ ಹತ್ತಿತ್ತು. ರೋಗಿಗಳು ಬರತೊಡಗಿದರು, ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತರು. ಆದರೆ ಮನೆಯಲ್ಲಿ ಗಂಡನ ಜೊತೆಗಿನ ಮಾತೆಲ್ಲ ನಿಧಾನವಾಗಿ ಬೆಳಕು, ಬಣ್ಣ, ಎಷ್ಟು ಜನ ನೋಡಿದರು, ಎಲ್ಲಿಗೆ ಬಿಟ್ಟು ಹೋದರು ಎಂಬಲ್ಲಿಗೆ ಬಂದು ನಿಂತಿತು. ಒಂದು ಸಂಜೆ ಅವಳು ಹೊಸ ಸೀರೆ ಉಟ್ಟು ಬಂದು ನಿಂತಾಗ ಅವನು ತಲೆ ಓರೆ ಮಾಡಿ ನೋಡಿ, "ಈ ಬಣ್ಣ ಸ್ಕ್ರೀನ್ ಮೇಲೆ ಸ್ವಲ್ಪ ಮಂಕು ಹೊಡಿಯುತ್ತೆ ಕಣೇ," ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳ ಬಗ್ಗೆಯೇ ಯೋಚಿಸುತ್ತಿದ್ದ. ದಿನವಿಡೀ ಅವಳ ಬಗ್ಗೆಯೇ ಯೋಚಿಸುತ್ತಿದ್ದ.

"ಸೂಪರ್. ಇದೇ ಫೈನಲ್," ಎಂದು ಅವನು ದೀಪ ಆರಿಸಿದ. ಕೋಣೆ ಒಮ್ಮೆಗೇ ಬೂದಿ ಬಣ್ಣಕ್ಕೆ ಇಳಿಯಿತು. ಅವನ ಮುಖ ಕಣ್ಣಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವನು ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ಇದ್ದ. "ಇವತ್ತು ಕನ್ನಡಕದವ್ರು ಬರ್ತಾರಲ್ಲ? ಮಾತೇನಾದ್ರೂ ಬಂದ್ರೆ ವಿಡಿಯೋ ಮಾಡೋದು ಮಾತ್ರ ಬಿಡ್ಬೇಡ. ಅವರ ಮೊದಲನೇ ವಿಡಿಯೋ ರೆಡಿ ಇಟ್ಕೊಂಡಿದೀನಿ. ಎರಡನ್ನೂ ಜೋಡಿಸಿಬಿಟ್ರೆ ಸಾಕು, ನಿನ್ನ ಬಗ್ಗೆ ಇನ್ನು ಯಾರೂ ಪ್ರಶ್ನೆ ಕೇಳಲ್ಲ."

"ಮಾತು ಬರೋದು ನಲ್ಲಿ ತಿರುಗಿಸಿದ ಹಾಗಲ್ಲ," ಎಂದಳು.

"ಗೊತ್ತಪ್ಪಾ. ಬಂದ್ರೆ ಅಂದೆ," ಎಂದು ಅವನು ಮೆಟ್ಟಿಲಿಳಿದು ಹೋದ.

ಕನ್ನಡಕದವರು ಎಂದರೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಹಿರಿಯರು. ಊರಿನ ಅರ್ಧ ಜನರ ಮೂಗು, ಕಿವಿಗಳ ಅಳತೆ ಅವರ ಬೆರಳಿಗೆ ಗೊತ್ತಿತ್ತು. ಮಿಕ್ಕರ್ಧ ಜನಕ್ಕೆ ಅವರ ಬಾಯಿ ಗೊತ್ತಿತ್ತು. ಕನ್ನಡಕ ಕೊಳ್ಳಲು ಹೋದವರು ಲೋಕದ ಸುದ್ದಿಯನ್ನೆಲ್ಲ ಕೇಳಿಕೊಂಡೇ ಹೊರಗೆ ಬರಬೇಕಿತ್ತಂತೆ. ಒಂದು ಬೆಳಿಗ್ಗೆ ಗಿರಾಕಿಯ ಕಿವಿಗೆ ಕನ್ನಡಕದ ಕಡ್ಡಿ ಸಿಕ್ಕಿಸುತ್ತ ಇದ್ದವರು ಅರ್ಧ ವಾಕ್ಯದಲ್ಲಿ ಕುಸಿದರು. ಬಲಗೈ ಸೋತಿತು. ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಪದ: "ಹಾಳಾದ್ದು." ಹಸಿವಾದರೂ ಹಾಳಾದ್ದು, ಬಾಗಿಲು ಹಾಕು ಎನ್ನುವುದಕ್ಕೂ ಹಾಳಾದ್ದು, ಮೊಮ್ಮಗಳು ಬಂದು ಕೊರಳಿಗೆ ಬಿದ್ದರೆ ಕಣ್ಣು ತುಂಬಿಕೊಂಡು, "ಹಾಳಾದ್ದು, ಹಾಳಾದ್ದು." ಬೈಗುಳ ಮಿದುಳಿನ ಬೇರೆ ಮೂಲೆಯಲ್ಲಿ ಇರುತ್ತದೆ, ಅದಕ್ಕೇ ಉಳಿದುಕೊಂಡಿದೆ ಎಂದು ಇವಳು ಅವರ ಹೆಂಡತಿಗೆ ವಿವರಿಸಿದಾಗ ಆಕೆ, "ಬೈಯೋದಕ್ಕೆ ಅಂತ ಬೇರೆ ಜಾಗ ಇಟ್ಟಿದಾನೆ ನೋಡಿ ದೇವರು!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ವಿಡಿಯೋ ಮಾಡಬಹುದೇ ಎಂದು ಕೇಳಿದಾಗಲೂ ಆಕೆ ಹಿಂದುಮುಂದು ನೋಡಲಿಲ್ಲ. "ಮಾಡ್ಕೊಳ್ಳಿ ಮೇಡಂ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ. ಇವರಿಗಂತೂ ನಾಲ್ಕು ಜನ ಇದ್ರೇನೇ ಜೀವ."

ಅಂದಿನಿಂದ ಅವಳೊಳಗೆ ಇಬ್ಬರು ಕೂರತೊಡಗಿದ್ದರು. ಒಬ್ಬಳು ಎಂದಿನಂತೆ ಚಿತ್ರದ ಕಾರ್ಡುಗಳನ್ನು ಹಿಡಿದು, ರಾಗವಾಗಿ ಪದದ ಮೊದಲ ಅಕ್ಷರ ಎತ್ತಿಕೊಟ್ಟು, ಅವರ ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕಿಸುತ್ತ ಕಾಯುವವಳು. ಇನ್ನೊಬ್ಬಳು ಮೂಲೆಯಲ್ಲಿ ಕೂತು, ಬೆಳಕು ಕಿಟಕಿಯಿಂದ ಅವರ ಮುಖದ ಯಾವ ಬದಿಗೆ ಬೀಳುತ್ತಿದೆ ಎಂದು ನೋಡುವವಳು. ಮೊದಮೊದಲು ಈ ಎರಡನೆಯವಳು ಬಂದ ಕೂಡಲೇ ಇವಳಿಗೆ ಗೊತ್ತಾಗುತ್ತಿತ್ತು, ಬೆದರಿಸಿ ಕಳಿಸುತ್ತಿದ್ದಳು. ಈಚೆಗೆ ಅವಳು ಬಾಗಿಲು ತಟ್ಟದೆ ಬಂದು ಕೂತಿರುತ್ತಿದ್ದಳು.

ಆ ದಿನ ದಂಪತಿಗಳು ಬಂದಾಗ ಕೆಳಗಿನ ಅಂಗಡಿಯಲ್ಲಿ ಯಾರೋ ಬಣ್ಣ ಕಲಸುತ್ತಿದ್ದರು. ಅದರ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಹೆಂಡತಿ ಅವರನ್ನು ಕೂರಿಸಿ, ಹೆಗಲ ಮೇಲಿನ ಟವೆಲ್ ಸರಿಮಾಡಿ, "ಮಾತ್ರೆ ಮುಗಿದಿದೆ, ಇಲ್ಲೇ ಎದುರುಗಡೆ ತಗೊಂಡು ಬಂದ್ಬಿಡ್ತೀನಿ," ಎಂದು ಹೊರಟರು. ಬಾಗಿಲ ಹತ್ತಿರ ನಿಂತು ತಿರುಗಿ, ನಗುತ್ತಲೇ, ಅಷ್ಟೇನೂ ದೊಡ್ಡ ವಿಷಯವಲ್ಲ ಎನ್ನುವಂತೆ ಅಂದರು: "ಮದುವೆ ಆದಾಗಿಂದ ಒಂದು ದಿನಕ್ಕೂ ಹೆಸರು ಹಿಡಿದು ಕರೆದೋರಲ್ಲ ಮೇಡಂ. ಇವಳೇ, ಇವಳೇ ಅಂತ ಕೂಗಿ ಕೂಗಿ ತಲೆ ತಿಂದ್ಬಿಡ್ತಿದ್ರು. ಸ್ವಲ್ಪ ಹೊತ್ತು ಬಾಯಿ ಮುಚ್ಚಿದ್ರೆ ಸಾಕಪ್ಪಾ ಅಂತಿದ್ದೆ. ಈಗ ನೋಡಿ, ಒಲೆ ಮುಂದೆ ನಿಂತಿದ್ರೂ ಕಿವಿ ಹಿಂದೇನೇ ಇರುತ್ತೆ."

ಆಕೆ ಹೋದ ಮೇಲೆ ಅವಳು ಕಾರ್ಡು ತೆಗೆದಳು. ಲೋಟದ ಚಿತ್ರ, ಬೀಗದ ಚಿತ್ರ. ಅವರು ಬೀಗ ನೋಡಿ ಬೀಗದ ಕೈ ತಿರುಗಿಸುವ ಸನ್ನೆ ಮಾಡಿದರು. ತುಟಿ ಕೂಡಿತು, ಬಿಚ್ಚಿತು, ಮಾತು ಬರಲಿಲ್ಲ. ಸಿಟ್ಟಿನಿಂದ ಮೇಜು ಗುದ್ದಿದರು. ಆಮೇಲೆ ಅವಳ ಮುಖವನ್ನೇ ನೋಡತೊಡಗಿದರು. ಎಡಗೈ ಚಾಚಿ, ಅವಳ ಕನ್ನಡಕದ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಕಿವಿಯ ಹಿಂದೆ ಒಂದಿಷ್ಟು ಒತ್ತಿ, ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದರು. ಸರಿ ಎನ್ನುವಂತೆ ತಲೆಯಾಡಿಸಿದರು. ಎಷ್ಟು ದಿನದಿಂದ ಅದು ಓರೆಯಾಗಿತ್ತೋ. ದಿನಾ ಫೋನಿನಲ್ಲಿ ತನ್ನ ಮುಖವನ್ನು ತಾನೇ ಅಷ್ಟು ನೋಡಿಕೊಂಡರೂ ಅವಳಿಗೆ ಗೊತ್ತಾಗಿರಲಿಲ್ಲ. ಒಬ್ಬ ಮನುಷ್ಯ ತನ್ನ ಮುಖವನ್ನು ಹೀಗೆ ಹತ್ತಿರದಿಂದ, ಏನೂ ಬೇಡದೆ, ಬರೀ ಸರಿಯಿದೆಯೇ ಎಂದು ನೋಡಿ ಎಷ್ಟು ಕಾಲವಾಯಿತು ಎಂದು ಅವಳಿಗೆ ಅನಿಸಿತು. ಓದುವ ದಿನಗಳಲ್ಲಿ ಕಾಲೇಜಿನ ಪ್ರಯೋಗಶಾಲೆಗೆ ಗೆಳತಿಯ ಅಣ್ಣನ ಸ್ನೇಹಿತನೊಬ್ಬ ದನಿ ಕೊಡಲು ಬಂದಿದ್ದ. ಸದ್ದು ತಾಗದ ಗಾಜಿನ ಗೂಡಿನೊಳಗೆ ಕೂತು ಅವನು ಇವಳು ಕೊಟ್ಟ ಪುಟವನ್ನು ಓದಬೇಕು, ಇವಳು ಹೊರಗೆ ಕೂತು ಧ್ವನಿ ಮುದ್ರಿಸಿಕೊಳ್ಳಬೇಕು. ಅವನು ಪುಟದ ಮೇಲಿಂದ ಕಣ್ಣೆತ್ತಿ ಇವಳನ್ನೇ ನೋಡುತ್ತ ಸಾಲು ತಪ್ಪಿಸುತ್ತಿದ್ದ. ಬೇಕಂತಲೇ ತಪ್ಪು ಓದಿದೆ, ಬೇಗ ಮುಗಿದರೆ ಎದ್ದು ಹೋಗು ಅಂತೀಯಲ್ಲ ಅಂತ, ಎಂದು ಇವಳನ್ನು ಮದುವೆಯಾದ ಮೇಲೆ ಅವನೇ ಹೇಳಿದ್ದ. ಗಾಜಿನ ಎರಡು ಬದಿಯಲ್ಲಿ ಕೂತಿದ್ದರೂ ಆಗ ನಡುವೆ ಏನೂ ಇದ್ದಂತಿರಲಿಲ್ಲ.

ಅವಳು ಹೀಗೆ ಎಲ್ಲೋ ಇದ್ದಾಗಲೇ ಅದು ಬಂತು. ಕನ್ನಡಕದವರು ಬಾಗಿಲ ಕಡೆ ಮುಖ ತಿರುಗಿಸಿದ್ದರು. ಹೆಂಡತಿ ಹೋದ ದಾರಿಯನ್ನು ನೋಡುತ್ತಿದ್ದರೇ, ಕೆಳಗೆ ಏನಾದರೂ ಸದ್ದಾಯಿತೇ, ತಿಳಿಯದು. ತುಟಿ ತಡವರಿಸಲಿಲ್ಲ, ಹಣೆ ಗಂಟಿಕ್ಕಲಿಲ್ಲ. ಯಾವ ಕಾಯಿಲೆಯೂ ಇಲ್ಲದ ಮನುಷ್ಯ, ಯಾವುದೋ ಮನೆಯ ಯಾವುದೋ ನಡುಮನೆಯಲ್ಲಿ ಕೂತು ಒಳಗಿನ ಕೋಣೆಗೆ ಕೇಳುವಷ್ಟು ಎತ್ತರದ ದನಿಯಲ್ಲಿ ಕರೆಯುವ ಹಾಗೆ ಕರೆದರು:

"ಇವಳೇ."

ಆಗ ಅವಳು ಏನು ಮಾಡಬೇಕಾಗಿತ್ತು ಎಂಬುದನ್ನು ಅವಳೇ ಎಷ್ಟೋ ಜನಕ್ಕೆ ಕಲಿಸಿದ್ದಳು. ಸುಮ್ಮನಿರಬೇಕಾಗಿತ್ತು. ಮಾತು ತಾನಾಗಿ ಬಂದಾಗ ಅದನ್ನು ಅಟ್ಟಿಸಿಕೊಂಡು ಹೋಗಬಾರದು. ಹೇಳಿದ್ದು ತಲುಪಿತು ಎಂದು ತೋರಿಸಬೇಕು, ಅಷ್ಟೆ. ಕಿಟಕಿಗೆ ಹೋಗಿ, ಅಮ್ಮಾ, ಕರೀತಿದಾರೆ ಬನ್ನಿ ಎಂದು ಕೂಗಬಹುದಾಗಿತ್ತು. ಅವಳ ಕೈ ಫೋನಿಗೆ ಹೋಯಿತು. ಕ್ಯಾಮೆರಾ ತೆರೆಯಿತು, ಅದರಲ್ಲಿ ಕಂಡದ್ದು ಅವಳದ್ದೇ ಮುಖ, ಬೆಳಿಗ್ಗೆಯ ವಿಡಿಯೋದಿಂದ ಹಾಗೇ ಉಳಿದಿತ್ತು. ಅದನ್ನು ಅವರ ಕಡೆ ತಿರುಗಿಸುವಷ್ಟರಲ್ಲಿ ಬೆರಳು ತಪ್ಪಿ, ಮತ್ತೆ ಒತ್ತಿ, "ಸರ್, ಇನ್ನೊಂದು ಸಲ ಹೇಳಿ," ಎಂದಳು. "ಇನ್ನೊಂದೇ ಒಂದು ಸಲ. ಇ... ಇವ..."

ಅವರು ತಿರುಗಿ ಫೋನನ್ನು ನೋಡಿದರು. ತಾವು ಏನೋ ಮಾಡಿದ್ದೇವೆ, ಅದು ಒಳ್ಳೆಯದು ಎಂದು ಅವರಿಗೆ ತಿಳಿದಂತಿತ್ತು, ಮುಖ ಅರಳಿತು. ಬಾಯಿ ತೆರೆದರು. ನಾಲಗೆ ಮೇಲೆ ಕೆಳಗೆ ಆಡಿತು. ಕೊರಳಿನ ನರ ಉಬ್ಬಿತು. "ಹಾ..." ಎಂದರು, ಅದಲ್ಲ ಎಂದು ಗೊತ್ತಾಗಿ ತಲೆ ಕೊಡವಿದರು, ಮತ್ತೆ ಬಾಯಿ ತೆರೆದರು. ಅವಳು ಫೋನು ಇಳಿಸಲಿಲ್ಲ. ಮೇಷ್ಟರ ಮುಂದೆ ಉತ್ತರ ಮರೆತ ಹುಡುಗನ ಹಾಗೆ ಅವರ ಕಣ್ಣು ಅವಳ ಮುಖಕ್ಕೂ ಫೋನಿಗೂ ಅಲೆದಾಡಿತು. ಕೊನೆಗೆ, "ಹಾಳಾದ್ದು," ಎಂದರು, ತುಂಬ ಮೆಲ್ಲಗೆ. ಎಡಗೈಯಿಂದ ಟವೆಲ್ ಎಳೆದು ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು.

ಹೆಂಡತಿ ಮಾತ್ರೆಯ ಪೊಟ್ಟಣ ಹಿಡಿದು ಬಂದಾಗ ಅವಳು ಅವರಿಗೆ ನೀರು ಕುಡಿಸುತ್ತಿದ್ದಳು. "ಅತ್ರಾ? ಯಾಕೆ?" ಎಂದು ಆಕೆ ಗಾಬರಿಯಾದರು. "ಸ್ವಲ್ಪ ಸುಸ್ತಾಗಿದೆ, ಇವತ್ತಿಗೆ ಸಾಕು," ಎಂದಳು ಅವಳು. ಹೇಳಬೇಕಾದದ್ದು ಗಂಟಲವರೆಗೂ ಬಂದಿತ್ತು. ಅದನ್ನು ಹೇಳಿದರೆ ಆಕೆ, ಎಲ್ಲಿ, ಇನ್ನೊಮ್ಮೆ ಕರೆಸಿ ನೋಡೋಣ ಎನ್ನುತ್ತಾರೆ, ಕರೆಸಲಾಗುವುದಿಲ್ಲ, ಯಾಕೆ ಎಂದರೆ ಹೀಗೆ ಹೀಗೆ ಆಯಿತು ಎನ್ನಬೇಕು. ಆಕೆ ಗಂಡನ ಬೆವರು ಒರೆಸುತ್ತಿದ್ದರು. "ಏನಾದ್ರೂ ಅಂದ್ರಾ ಮೇಡಂ?" ಎಂದು ದಿನಾ ಕೇಳುವ ಹಾಗೆಯೇ ಕೇಳಿದರು. "ಪ್ರಯತ್ನ ಪಟ್ರು," ಎಂದಳು ಅವಳು, ವಿಡಿಯೋದಲ್ಲಿ ಮಾತಾಡುವ ಆ ನಯವಾದ ದನಿಯಲ್ಲಿ. ಅವರಿಬ್ಬರೂ ಮೆಟ್ಟಿಲಿಳಿಯುವುದು ಕೇಳಿಸುತ್ತಿತ್ತು. ಒಂದು ಮೆಟ್ಟಿಲು, ನಿಲುಗಡೆ, "ಹುಷಾರು, ಹುಷಾರು," ಮತ್ತೊಂದು ಮೆಟ್ಟಿಲು. ಅವಳದ್ದಲ್ಲದ ಒಂದು ವಸ್ತು ಅವಳ ಬಳಿ ಉಳಿದುಬಿಟ್ಟಿತ್ತು.

ಸಂಜೆ ಗಂಡ ಬೆಳಗಿನ ವಿಡಿಯೋ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು ಅವಳ ಫೋನು ತೆಗೆದುಕೊಂಡ. ಅವಳು ಬಟ್ಟೆ ಮಡಿಸುತ್ತಿದ್ದಳು. ಒಳಗಿನಿಂದ ತನ್ನದೇ ದನಿ ಕೇಳಿತು: "ಸರ್, ಇನ್ನೊಂದು ಸಲ ಹೇಳಿ. ಇನ್ನೊಂದೇ ಒಂದು ಸಲ." ಅಳಿಸಿ ಹಾಕುತ್ತೇನೆಂದು ಅವರು ಹೋದಾಗಿನಿಂದ ಅಂದುಕೊಂಡಿದ್ದಳು, ಅದನ್ನು ಮುಟ್ಟುವುದಕ್ಕೇ ಕೈ ಬಂದಿರಲಿಲ್ಲ. ಆ ದನಿಯಲ್ಲಿ ಏನೂ ಒರಟುತನವಿರಲಿಲ್ಲ. ಜೇನಿನಂತಿತ್ತು. ಗಂಡ ಬಾಗಿಲಿಗೆ ಬಂದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು.

"ಇದನ್ನ ನೀನು ಹೇಳ್ಲೇ ಇಲ್ವಲ್ಲ," ಎಂದ. "ಇದು ನಿಜವಾದ ವಿಡಿಯೋ ಕಣೇ. ಮೂರು ತಪ್ಪು, ನಾಲ್ಕು ಒಪ್ಪು ಎಲ್ಲ ಪಕ್ಕಕ್ಕಿಡು. ನಿನ್ನ ಕೆಲಸ ಎಷ್ಟು ಕಷ್ಟ ಅಂತ ಇದ್ರಲ್ಲಿ ಗೊತ್ತಾಗುತ್ತೆ. ಅವರ ಮುಖ ಮಸುಕು ಮಾಡೋಣ. ಅವರ ಮನೆಯವ್ರು ಹೇಗಿದ್ರೂ ಒಪ್ಪಿದಾರೆ."

"ಅದಕ್ಕೆ ಮುಂಚೆ ಏನಾಯ್ತು ಅಂತ ಅದ್ರಲ್ಲಿಲ್ಲ," ಎಂದಳು ಅವಳು. ಕೈಯಲ್ಲಿದ್ದ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು. "ಅವರು ಮಾತಾಡಿದ್ರು. ಹೆಂಡ್ತೀನ ಕರೆದ್ರು. ಇವಳೇ ಅಂತ, ಸ್ಪಷ್ಟವಾಗಿ. ಆಯಮ್ಮ ಇರ್ಲಿಲ್ಲ. ನಾನಿದ್ದೆ. ನಾನು ಕ್ಯಾಮೆರಾ ತೆಗೆದೆ. ನೀನು ನೋಡಿದ್ಯಲ್ಲ, ಅದು ಆಮೇಲಿನದು. ಬಂದಿದ್ದ ಮಾತನ್ನ ನಾನೇ ಓಡಿಸಿದ ಮೇಲಿನದು."

"ನೀನು ಬೇಕಂತ ಮಾಡಿದ್ದಲ್ವಲ್ಲ..."

"ಆಯಮ್ಮ ಬಂದು ಏನಾದ್ರೂ ಅಂದ್ರಾ ಅಂತ ಕೇಳಿದ್ರು. ನಾನು ಹೇಳ್ಲಿಲ್ಲ."

ಅವನು ಏನಾದರೂ ಅನ್ನುತ್ತಾನೆ ಎಂದು ಅವಳು ಕಾದಳು. ಬೈಯಲಿ, ಸಮಾಧಾನ ಮಾಡಲಿ, ಬಂದು ಈ ಅಂಗಿಯ ಇನ್ನೊಂದು ತುದಿಯನ್ನಾದರೂ ಹಿಡಿಯಲಿ. ಅವನು ಫೋನನ್ನು ಮಂಚದ ಮೇಲೆ, ಮಡಿಸಿದ ಬಟ್ಟೆಗಳ ಪಕ್ಕದಲ್ಲಿ, ಗಾಜಿನ ವಸ್ತುವನ್ನು ಇಡುವ ಹಾಗೆ ಮೆಲ್ಲಗೆ ಇಟ್ಟ. "ಅಳಿಸ್ಬೇಕಾದ್ರೆ ನೀನೇ ಅಳಿಸು," ಎಂದ. "ನಾನು ಮುಟ್ಟಲ್ಲ." ಸ್ವಲ್ಪ ಹೊತ್ತು ಅಲ್ಲೇ ಇದ್ದ. ಅವನಿಗೂ ಏನೋ ಹೇಳುವುದಿತ್ತು ಎಂದು ಅವನ ನಿಲುವಿನಿಂದಲೇ ಗೊತ್ತಾಗುತ್ತಿತ್ತು. ತುಟಿಯವರೆಗೂ ಬಂದು ಹಿಂದಿರುಗುವ ಮಾತನ್ನು ಗುರುತಿಸುವುದೇ ಅವಳ ಕಸುಬಾಗಿತ್ತಲ್ಲ. ಆದರೆ ಆ ಮಾತಿನ ಮೊದಲ ಅಕ್ಷರ ಯಾವುದೆಂದು ಅವಳಿಗೆ ಹೊಳೆಯಲಿಲ್ಲ. ಅವನು ಹೋದ ಮೇಲೆ ಅವಳು ಅದನ್ನು ಅಳಿಸಿದಳು.

ಮರುದಿನ ಬೆಳಿಗ್ಗೆ, ಕೋಣೆ ತೆರೆಯುವ ಮೊದಲು, ಅವಳು ಕನ್ನಡಕದವರ ಮನೆಗೆ ಹೋದಳು. ಹೆಂಡತಿ ಬಾಗಿಲು ತೆರೆದು, "ಅಯ್ಯೋ, ನೀವೇ ಬಂದ್ರಾ? ಬನ್ನಿ ಬನ್ನಿ," ಎಂದು ಕೈ ಒರೆಸಿಕೊಂಡರು. ಕನ್ನಡಕದವರು ಒಳಕೋಣೆಯಲ್ಲಿ ಇನ್ನೂ ಮಲಗಿದ್ದರು. ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಇವಳನ್ನು ಕೂರಿಸಿ ಆಕೆ ಹಾಲು ಕಾಯಿಸಲು ಇಟ್ಟರು. ದಾರಿಯುದ್ದಕ್ಕೂ ಅವಳು ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದಳು. ಒಂದಾದ ಮೇಲೊಂದು, ಮೊದಲು ಒಳ್ಳೆಯದು, ಆಮೇಲೆ ಕೆಟ್ಟದ್ದು. ಬಾಯಿ ತೆರೆದಾಗ ಎಲ್ಲ ಕಲಸಿಹೋಯಿತು. ಅವರು ಕರೆದದ್ದು, ತಾನು ಕ್ಯಾಮೆರಾಕ್ಕೆ ಕೈ ಹಾಕಿದ್ದು, ಅವರು ಅತ್ತದ್ದು, ತಾನು ಸುಳ್ಳು ಹೇಳಿದ್ದು, ಎಲ್ಲವನ್ನೂ ಹಿಂದುಮುಂದಾಗಿ, ತೊದಲುತ್ತ ಹೇಳಿ ಮುಗಿಸಿದಳು.

ಆಕೆ ಬೆನ್ನು ಹಾಕಿ ನಿಂತಿದ್ದರು. ಹಾಲು ಉಕ್ಕಿ ಬಂತು, ಒಲೆ ಆರಿಸಿದರು. "ನಾನು ಮಾತ್ರೆ ಅಂಗಡೀಲಿ ಚಿಲ್ಲರೆಗೆ ಜಗಳ ಆಡ್ತಾ ನಿಂತಿದ್ದೆ," ಎಂದರು ಕೊನೆಗೆ, ಗೋಡೆಗೆ ಹೇಳುವಂತೆ. ಆಮೇಲೆ ತಿರುಗಿದರು. ಮುಖ ಬಿಗಿದಿತ್ತು. "ನಿನ್ನೆಯೇ ಹೇಳ್ಬೇಕಿತ್ತು ನೀವು. ರಾತ್ರಿಯೆಲ್ಲ ಅವರು ನಿದ್ದೆ ಮಾಡ್ಲಿಲ್ಲ. ಏನಾಯ್ತೋ ಅಂತ ನಾನೂ ಮಾಡ್ಲಿಲ್ಲ. ನನಗೆ ಗೊತ್ತಿದ್ದಿದ್ರೆ ಪಕ್ಕದಲ್ಲಿ ಕೂತ್ಕೊಂಡು, ಕೇಳಿಸ್ತು ಕಣ್ರೀ ಅಂತಾದ್ರೂ ಹೇಳ್ತಿದ್ದೆ."

"ತಪ್ಪಾಯ್ತಮ್ಮ," ಎಂದಳು ಅವಳು.

ಆಕೆ ಎದುರಿಗೆ ಬಂದು ಕೂತರು. ಸಿಟ್ಟು ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೇನೋ ಬಂದು ಸೇರಿಕೊಂಡಿತ್ತು. ಮೇಜಿನ ಮೇಲೆ ಬಾಗಿ, ಒಳಕೋಣೆಗೆ ಕೇಳಬಾರದೆಂಬಂತೆ ದನಿ ತಗ್ಗಿಸಿ, ಹುಡುಗಿಯ ಹಾಗೆ ಕೇಳಿದರು: "ಹೇಗೆ ಕರೆದ್ರು?"

"ಅಂದ್ರೆ?"

"ನೀವು ದನಿ ಕೆಲಸದೋರಲ್ವಾ. ಹೇಗೆ ಕರೆದ್ರು ಅಂತ ಹೇಳಿ. ಅವರು ಕರೆಯೋದ್ರಲ್ಲಿ ಬೇರೆ ಬೇರೆ ಇದೆ."

ಅವಳು ಕಣ್ಣು ಮುಚ್ಚಿದಳು. ದನಿ ಅವಳ ಕಿವಿಯಲ್ಲಿ ಇದ್ದ ಹಾಗೇ ಇತ್ತು. ಯಾವ ಯಂತ್ರವೂ ಹಿಡಿಯದಿದ್ದದ್ದು. ಎತ್ತರ, ಎಳೆತ, ಕೊನೆಯಲ್ಲಿ ಎಲ್ಲಿ ಬಿಟ್ಟರು ಎಂಬುದು. ಅವಳಿಗೆ ನಾಚಿಕೆಯಾಗಲಿಲ್ಲ. ಒಬ್ಬ ಮುದುಕನ ಕೊರಳನ್ನು ತನ್ನ ಕೊರಳಿಗೆ ತಂದುಕೊಂಡು, ಅವಸರವಿಲ್ಲದೆ, ತುದಿಯನ್ನು ಸ್ವಲ್ಪವೇ ಎತ್ತಿ ಬಿಟ್ಟು, ಅವಳು ಕರೆದಳು:

"ಇವಳೇ."

ಆಕೆಯ ಮೈ ತಟ್ಟನೆ ಎದ್ದೇಳುವಂತೆ ಅಲುಗಿತು. ಮೇಜಿನ ಅಂಚು ಹಿಡಿದು ಕೂತಲ್ಲೇ ಕೂತರು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಇದು ಏನಾದ್ರೂ ಬೇಕಾಗಿ ಕರೆಯೋದಲ್ಲ ಮೇಡಂ," ಎಂದರು. "ನೀರು ಬೇಕು, ಟವೆಲ್ ಬೇಕು ಅಂದ್ರೆ ಜೋರಾಗಿ ಮೊಟಕಾಗಿ ಕರೀತಾರೆ. ಹೀಗೆ ಕರೆದಾಗ ನಾನು ಏನ್ರೀ ಅಂತ ಬಂದ್ರೆ, ಏನಿಲ್ಲ, ಹೋಗು ಅನ್ನೋರು. ಕೆಲಸ ಬಿಟ್ಟು ಬಂದಿದೀನಲ್ಲ ಅಂತ ರೇಗ್ತಿದ್ದೆ." ಮೂಗು ಒರೆಸಿಕೊಂಡು ನಕ್ಕರು. "ಸುಮ್ನೆ. ಇದೀನಾ ಅಂತ ನೋಡೋಕೆ."

ಒಳಗೆ ಮಂಚ ಕಿರುಗುಟ್ಟಿತು. ಆಕೆ ಎದ್ದು ಹೋದರು. "ಎದ್ರಾ? ನೋಡಿ, ನಿನ್ನೆ ನೀವು ಕರೆದದ್ದು ನನಗೆ ಕೇಳಿಸ್ತು," ಎನ್ನುತ್ತಿದ್ದರು. ಅದಕ್ಕೆ ಅವರು ಏನೋ ಅಂದರು; ಹಳೆಯ ಅದೇ ಬೈಗುಳವೇ ಇರಬೇಕು. ಆಕೆ, "ಹೂಂ, ಹೂಂ, ಬಂದೆ, ಇಲ್ಲೇ ಇದೀನಿ," ಎಂದು ಉತ್ತರ ಕೊಟ್ಟರು. ಅವಳು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಬಂದಳು. ಇನ್ನು ಈ ದಂಪತಿ ತನ್ನಲ್ಲಿಗೆ ಬರುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಬಹುಶಃ ಬರುತ್ತಾರೆ. ಬಹುಶಃ ಇಲ್ಲ.

ರಸ್ತೆಯಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಯಾರೋ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಬಸ್ಸಿನ ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತು ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಆಫೀಸಿನಲ್ಲಿದ್ದ, ಹಿಂದೆ ಕೀಲಿಮಣೆಗಳ ಸದ್ದು, ಯಾರದೋ ನಗು.

"ಏನಾಯ್ತು? ಅವರ ಮನೆಗೆ ಹೋಗಿದ್ಯಾ? ಏನಂದ್ರು?" ಎಂದ ಗಾಬರಿಯಿಂದ. "ವಿಡಿಯೋ ವಿಷಯಾನಾ? ನಿನ್ನೆ ಬೆಳಗಿನ ಮೂರು ತಪ್ಪಿನದೂ ಹಾಕಿಲ್ಲ, ನೀನು ಹೇಳೋವರೆಗೂ ಹಾಕಲ್ಲ."

"ಅದಲ್ಲ."

"ಮತ್ತೆ? ಏನಾದ್ರೂ ಬೇಕಿತ್ತಾ?"

ಎದುರಿನ ಗೋಡೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಬೇಕಾದದ್ದು ಏನೆಂದು ಹೇಳಲು ಅವಳು ಪದಗಳನ್ನು ಹುಡುಕಲಿಲ್ಲ.

"ಏನೂ ಬೇಡ," ಎಂದಳು. "ಸುಮ್ನೆ ಮಾಡ್ದೆ."

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದಾಯಿತು. ನಡೆದ ಸದ್ದು, ಒಂದು ಬಾಗಿಲು. ಕೀಲಿಮಣೆಗಳೂ ನಗುವೂ ದೂರವಾದವು. ಆಮೇಲೆ ಅವನ ಉಸಿರು ಮಾತ್ರ ಕೇಳುತ್ತಿತ್ತು. ಅವಳು ಹತ್ತಬೇಕಾಗಿದ್ದ ಬಸ್ಸು ಬಂದು ನಿಂತಿತು, ಜನ ಹತ್ತಿದರು, ಹೊರಟುಹೋಯಿತು. ಇಬ್ಬರಲ್ಲಿ ಯಾರೂ ಫೋನ್ ಇಡಲಿಲ್ಲ.